ಗಾಂಜಾ ಕಾನೂನುಬದ್ಧವಾಗಬೇಕೇ? ಚರ್ಚೆಗೆ ನಿಲ್ಲುವ ಮುಂಚೆ ಮಾಡಬೇಕಾದ ತಯಾರಿ

ನಾನು ಧಾರವಾಡದಲ್ಲಿ ಪಿಯು ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಚರ್ಚಾಸ್ಪರ್ಧೆಗೆ ಹೋಗುವವರನ್ನು ತಯಾರು ಮಾಡುವುದೂ ನನ್ನದೇ ಕೆಲಸ. ಈಚೆಗೆ ಒಂದು ವಿಷಯ ಪದೇ ಪದೇ ಬರುತ್ತಿದೆ: ‘ಭಾರತದಲ್ಲಿ ಗಾಂಜಾವನ್ನು ಕಾನೂನುಬದ್ಧಗೊಳಿಸಬೇಕು’. ಪರ ನಿಂತವರು ಶಿವನಿಂದ ಶುರು ಮಾಡಿ ಕೆನಡಾಕ್ಕೆ ಹೋಗಿ ನಿಲ್ಲುತ್ತಾರೆ. ವಿರೋಧ ನಿಂತವರು ‘ಯುವಕರೇ ದೇಶದ ಬೆನ್ನೆಲುಬು’ ಅಂತ ಶುರು ಮಾಡಿ ‘ಮಾದಕ ವ್ಯಸನ ಮಹಾ ಪಿಡುಗು’ ಅಂತ ಮುಗಿಸುತ್ತಾರೆ. ಗಂಟೆ ಬಾರಿಸುತ್ತದೆ, ಚಪ್ಪಾಳೆ ಬೀಳುತ್ತದೆ. ಕೂತು ಕೇಳಿದವರಿಗೆ ಒಂದು ಹೊಸ ಸಂಗತಿಯೂ ಸಿಕ್ಕಿರುವುದಿಲ್ಲ.

ಇದು ನನಗೆ ಸಂಕಟ. ಮಾತಾಡುವವರಿಗೂ ಕೇಳುವವರಿಗೂ ಹದಿನಾರು, ಹದಿನೇಳು ವಯಸ್ಸು. ಗಾಂಜಾ ಜಾಸ್ತಿ ಕೆಡುಕು ಮಾಡುವುದೂ ಇದೇ ವಯಸ್ಸಿನಲ್ಲಿ. ಇದು ಅವರದೇ ಚರ್ಚೆ, ಅವರೇ ಸರಿಯಾಗಿ ತಿಳಿದುಕೊಳ್ಳದೆ ಮಾತಾಡಿದರೆ ಹೇಗೆ? ನನ್ನ ಮಕ್ಕಳಿಗೆ ನಾನು ಹೇಗೆ ತಯಾರಿ ಮಾಡಿಸುತ್ತೇನೋ ಅದನ್ನು ಇಲ್ಲಿ ಬರೆದಿದ್ದೇನೆ. ಬೇರೆ ಶಿಕ್ಷಕರಿಗೆ ಉಪಯೋಗಕ್ಕೆ ಬಂದೀತು. ಮನೆಯಲ್ಲಿ ಊಟದ ಹೊತ್ತಿಗೆ ಮಗ ಇದೇ ಪ್ರಶ್ನೆ ಎತ್ತಿದರೆ ಏನು ಹೇಳಬೇಕೆಂದು ತಿಳಿಯದೆ ರೇಗುವ ಅಪ್ಪ ಅಮ್ಮಂದಿರಿಗೂ ಬಂದೀತು.

ಮೊದಲು ಪ್ರಶ್ನೆಯನ್ನು ಒಡೆಯಿರಿ

‘ಗಾಂಜಾ ಒಳ್ಳೆಯದೋ ಕೆಟ್ಟದ್ದೋ’ ಅಂತ ವಾದಿಸಲು ಹೊರಟರೆ ಚರ್ಚೆ ಅಲ್ಲೇ ಕೆಟ್ಟಿತು. ವಿಷಯದಲ್ಲಿ ಇರುವುದು ಕಾನೂನು. ಸೇದಿದವನನ್ನು ಪೊಲೀಸರು ಹಿಡಿಯಬೇಕೇ, ಬೇಡವೇ? ಅದು ಒಂದು ಪ್ರಶ್ನೆ. ಅಂಗಡಿಯಲ್ಲಿ ಮಾರಲು ಲೈಸೆನ್ಸ್ ಕೊಡಬೇಕೇ? ಅದು ಪೂರ್ತಿ ಬೇರೆ ಪ್ರಶ್ನೆ. ಔಷಧಿಗೆ ಬಳಸಬಹುದೇ ಅನ್ನುವುದು ಮೂರನೆಯದು. ನಾರು, ಬಟ್ಟೆ, ಬೀಜದ ಎಣ್ಣೆಗಾಗಿ ನಶೆ ಇಲ್ಲದ ತಳಿಯನ್ನು ಬೆಳೆಯಬಹುದೇ ಅನ್ನುವುದು ನಾಲ್ಕನೆಯದು. ನಾಲ್ಕನ್ನೂ ಒಂದೇ ಮಾತಿನಲ್ಲಿ ಕಲಸಿದರೆ ಪರ ವಾದಿ ಕ್ಯಾನ್ಸರ್ ರೋಗಿಯನ್ನು ತೋರಿಸಿ ಅಂಗಡಿ ತೆರೆಸುತ್ತಾನೆ. ವಿರೋಧ ವಾದಿ ವ್ಯಸನಿಯನ್ನು ತೋರಿಸಿ ಔಷಧಿಯನ್ನೂ ನಿಲ್ಲಿಸುತ್ತಾನೆ.

ನನ್ನ ಹುಡುಗರಿಗೆ ನಾನು ಮೊದಲ ದಿನ ಒಂದು ಕಾಗದ ಕೊಟ್ಟು ನಾಲ್ಕು ಮನೆ ಗೆರೆ ಎಳೆಯಲು ಹೇಳುತ್ತೇನೆ. ಸಿಕ್ಕ ಪ್ರತಿ ಸಂಗತಿಯನ್ನೂ ಅದರದರ ಮನೆಯಲ್ಲೇ ಬರೆಯಬೇಕು. ವೇದಿಕೆ ಮೇಲೆ ಮೊದಲ ಅರ್ಧ ನಿಮಿಷದಲ್ಲೇ ‘ನಾನು ಇವತ್ತು ಇಂಥ ಪ್ರಶ್ನೆಗೆ ಉತ್ತರ ಕೊಡುತ್ತೇನೆ’ ಅಂತ ಹೇಳಿಬಿಡಬೇಕು. ಇಷ್ಟು ಮಾಡಿದ ಹುಡುಗಿಯ ಮಾತಿಗೆ ತೀರ್ಪುಗಾರರು ಪೆನ್ನು ಕೆಳಗಿಟ್ಟು ಕಿವಿ ಕೊಟ್ಟಿದ್ದನ್ನು ನಾನು ಕಂಡಿದ್ದೇನೆ.

ಈಗಿನ ಕಾನೂನು ಏನು ಹೇಳುತ್ತದೆ

ಇದನ್ನು ಓದದೆ ವೇದಿಕೆ ಹತ್ತಬೇಡಿ. ನಮ್ಮಲ್ಲಿರುವುದು 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ. ಅದರ ಪ್ರಕಾರ ಗಾಂಜಾ ಅಂದರೆ ಗಿಡದ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿ. ಚರಸ್ ಅಂದರೆ ಅದರ ಅಂಟು. ತುದಿ ಸೇರದ ಬರೀ ಎಲೆ, ಬರೀ ಬೀಜ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಅದಕ್ಕೇ ಭಂಗಿ ಈ ಕಾಯ್ದೆಯ ಹೊರಗೆ ಉಳಿದಿದೆ. ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಭಂಗಿಗೆ ಸರ್ಕಾರಿ ಲೈಸೆನ್ಸ್ ಇರುವ ಅಂಗಡಿಗಳೇ ಇವೆ. 2022ರಲ್ಲಿ ನಮ್ಮ ಹೈಕೋರ್ಟ್ ಕೂಡ ಒಂದು ಜಾಮೀನು ಅರ್ಜಿಯಲ್ಲಿ ಭಂಗಿ ಈ ಕಾಯ್ದೆಯಡಿ ನಿಷೇಧಿತ ವಸ್ತು ಅಲ್ಲ ಎಂದು ಹೇಳಿತು. ಆದರೆ ‘ಹೈಕೋರ್ಟ್ ಭಂಗಿಗೆ ಒಪ್ಪಿಗೆ ಕೊಟ್ಟಿದೆ’ ಅಂತ ಕೂಗಬೇಡಿ. ಅದು ಒಬ್ಬ ಆರೋಪಿಯ ಜಾಮೀನಿನ ಆದೇಶ. ರಾಜ್ಯಗಳ ಅಬಕಾರಿ ಕಾನೂನು ಬೇರೆಯೇ ಇದೆ.

ಶಿಕ್ಷೆ ತೂಕದ ಮೇಲೆ ನಿಲ್ಲುತ್ತದೆ. 1 ಕೆಜಿವರೆಗಿನ ಗಾಂಜಾ ಸಣ್ಣ ಪ್ರಮಾಣ. ಅದಕ್ಕೆ 1 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ. ಅಲ್ಲಿ ಶಿಕ್ಷೆ 10ರಿಂದ 20 ವರ್ಷ, ಜಾಮೀನು ಸಿಗುವುದೂ ಬಹಳ ಕಷ್ಟ. ಗಿಡ ಬೆಳೆದರೆ 10 ವರ್ಷದವರೆಗೆ. ಸೇದಿದ್ದಕ್ಕೇ 27ನೇ ಕಲಮಿನಡಿ 6 ತಿಂಗಳವರೆಗೆ ಜೈಲು ಅಥವಾ ದಂಡ.

ಇದೇ ಕಾಯ್ದೆಯ 64ಎ ಕಲಮನ್ನು ಎರಡೂ ಪಕ್ಷದವರು ಮರೆಯುತ್ತಾರೆ. ವ್ಯಸನಿಯೊಬ್ಬ ಸೇವನೆಗೋ ಸಣ್ಣ ಪ್ರಮಾಣಕ್ಕೋ ಸಿಕ್ಕಿಬಿದ್ದು, ತಾನಾಗಿ ಮಾನ್ಯತೆ ಇರುವ ಕಡೆ ಚಿಕಿತ್ಸೆ ಪಡೆಯುತ್ತೇನೆಂದರೆ, ಅವನ ಮೇಲೆ ಮೊಕದ್ದಮೆ ನಡೆಸದಿರಲು ಅಲ್ಲಿ ಅವಕಾಶ ಇದೆ. ಚಿಕಿತ್ಸೆ ಪೂರ್ತಿ ಮಾಡಬೇಕು ಅನ್ನುವುದು ಷರತ್ತು. ಪರ ನಿಂತವರು ‘ಈ ಬಾಗಿಲು ಇದ್ದೂ ಯಾಕೆ ಮುಚ್ಚಿದಂತಿದೆ’ ಎಂದು ಕೇಳಬಹುದು. ವಿರೋಧ ನಿಂತವರು ‘ಕಾನೂನು ಬದಲಿಸದೆಯೇ ರೋಗಿಯನ್ನು ಉಳಿಸಬಹುದು’ ಎನ್ನಬಹುದು. ಅಪ್ಪ ಅಮ್ಮಂದಿರಿಗಂತೂ ಇದು ತಿಳಿದಿರಲೇಬೇಕು.

ಇದೇ ಕಾಯ್ದೆ ರಾಜ್ಯ ಸರ್ಕಾರಗಳಿಗೆ ಪರವಾನಗಿ ಕೊಡುವ ಅಧಿಕಾರವನ್ನೂ ಇಟ್ಟಿದೆ. ಉತ್ತರಾಖಂಡ 2018ರಲ್ಲಿ ನಾರಿನ ಬೆಳೆಗೆ ಅನುಮತಿ ಕೊಟ್ಟಿದ್ದು ಇದರಿಂದಲೇ.

ಇತಿಹಾಸ ಹೇಳುವಾಗ ಹುಷಾರು

‘ಬ್ರಿಟಿಷರು ಬಂದು ನಮ್ಮ ಗಾಂಜಾ ನಿಲ್ಲಿಸಿದರು’ ಅನ್ನುವ ಮಾತು ಪ್ರತಿ ಸ್ಪರ್ಧೆಯಲ್ಲೂ ಕೇಳುತ್ತೇನೆ. ಇದು ತಪ್ಪು. ಬ್ರಿಟಿಷರು ಅದರಿಂದ ತೆರಿಗೆ ಎತ್ತುತ್ತಿದ್ದರು. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದ ಮೇಲೆ 1893ರಲ್ಲಿ ಒಂದು ಆಯೋಗ ನೇಮಿಸಿದರು, ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್. ಏಳು ಜನ ಸದಸ್ಯರು, ಅವರಲ್ಲಿ ಮೂವರು ಭಾರತೀಯರು. 1,193 ಸಾಕ್ಷಿಗಳನ್ನು ಕೇಳಿದರು. ಹಿತಮಿತವಾಗಿ ಬಳಸುವವರಿಗೆ ಹೆಚ್ಚೇನೂ ಹಾನಿ ಕಾಣಲಿಲ್ಲ, ಅತಿಯಾದರೆ ಹಾನಿ, ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಹಿಡಿತದಲ್ಲಿಡಿ ಎಂದು 1894ರಲ್ಲಿ ವರದಿ ಕೊಟ್ಟರು.

ಪರ ನಿಂತವರಿಗೆ ಇದು ಒಳ್ಳೆಯ ಆಯುಧ. ಆದರೆ ಅದರಲ್ಲಿ ನನಗೆ ಹೆಚ್ಚು ಹಿಡಿಸಿದ ಭಾಗ ಬೇರೆ. ಆಗಿನ ಹುಚ್ಚಾಸ್ಪತ್ರೆಗಳ ದಾಖಲೆಗಳಲ್ಲಿ ಎಷ್ಟೋ ರೋಗಿಗಳ ಹೆಸರಿನ ಮುಂದೆ ‘ಕಾರಣ: ಗಾಂಜಾ’ ಎಂದು ಬರೆದಿತ್ತು. ನಮ್ಮ ಧಾರವಾಡದಲ್ಲೂ ಆ ಕಾಲದಲ್ಲಿ ಅಂಥ ಆಸ್ಪತ್ರೆ ಇತ್ತು, ಇವತ್ತಿನ ಡಿಮ್ಹಾನ್ಸ್‌ಗೆ ಮೂಲ ಅದೇ. ಆಯೋಗ ಆ ದಾಖಲೆಗಳನ್ನು ಒಂದೊಂದಾಗಿ ಕೆದಕಿತು. ಬಹಳ ಕಡೆ ಕಾರಣದ ಕಾಲಮನ್ನು ವಿಚಾರಿಸದೆ ಸುಮ್ನೆ ತುಂಬಿದ್ದರು. ರೋಗಿ ಗಾಂಜಾ ಸೇದುತ್ತಿದ್ದ ಎಂದು ಯಾರೋ ಹೇಳಿದರೆ ಸಾಕಾಗಿತ್ತು. ಹಾನಿಯ ಬಗ್ಗೆ ಹೇಳುವ ಯಾವ ಅಂಕಿಯನ್ನಾದರೂ ‘ಇದನ್ನು ಬರೆದವರು ಹೇಗೆ ತಿಳಿದುಕೊಂಡರು’ ಎಂದು ಕೇಳುವ ಅಭ್ಯಾಸ ನಮ್ಮ ಮಕ್ಕಳಿಗೆ ಇಲ್ಲಿಂದ ಬರಲಿ.

ವಿರೋಧ ನಿಂತವರ ಉತ್ತರವೂ ಸಿದ್ಧವಿರಲಿ: 1894ರ ಚಿಲುಮೆಯಲ್ಲಿದ್ದ ಸರಕು ಇವತ್ತಿನದಲ್ಲ. ಮಿದುಳಿನ ಬೆಳವಣಿಗೆ ಬಗ್ಗೆ ಆಗ ಏನೂ ತಿಳಿದಿರಲಿಲ್ಲ. ನಿಷೇಧ ಬಂದದ್ದು ಸ್ವಾತಂತ್ರ್ಯದ ಮೇಲೆ, 1961ರ ವಿಶ್ವಸಂಸ್ಥೆ ಒಪ್ಪಂದಕ್ಕೆ ನಾವು ಸಹಿ ಹಾಕಿ, ಅದರ ಗಡುವಿಗೆ ತಕ್ಕಂತೆ 1985ರಲ್ಲಿ ಕಾಯ್ದೆ ಮಾಡಿದಾಗ. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆಯಲು 27-25 ಮತಗಳಿಂದ ಒಪ್ಪಿತು. ಭಾರತ ತೆಗೆಯುವ ಪರ ಮತ ಹಾಕಿತು. ಔಷಧೀಯ ಬಳಕೆಗೆ ದಾರಿ ಸುಲಭವಾಗಲೆಂದು ಆ ಬದಲಾವಣೆ. ಮೋಜಿಗೆ ಒಪ್ಪಿಗೆ ಅಲ್ಲ.

ದೇವರ ಮಾತು ಬಂದಾಗ

‘ಮೇಡಂ, ಅದು ಗಿಡಾ ಅಲ್ಲೇನ್ರಿ? ದೇವರಿಗೂ ಏರಿಸ್ತಾರ್ರಿ.’ ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನಗಬೇಡಿ, ಗದರಬೇಡಿ. ಮಾತು ನಿಜವೇ ಇದೆ. ನಮ್ಮ ಉತ್ತರ ಕರ್ನಾಟಕದ ಆರೂಢ, ಅವಧೂತ ಪರಂಪರೆಗಳಲ್ಲಿ ಗಾಂಜಾ ಸೇವನೆ ಇದೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಅದನ್ನು ಪ್ರಸಾದವಾಗಿ ಕೊಡುವ ಬಗ್ಗೆ 2020ರಲ್ಲಿ ಪತ್ರಿಕೆಗಳು ಬರೆದಿದ್ದವು.

ಇದಕ್ಕೆ ಉತ್ತರ ಕೊಡುವ ಬಗೆ ಹೀಗೆ. ಜಾತ್ರೆಯಲ್ಲಿ ವರ್ಷಕ್ಕೊಮ್ಮೆ, ಹಿರಿಯರ ಕಣ್ಣೆದುರು, ವ್ರತದ ಭಾಗವಾಗಿ ಬರುವುದಕ್ಕೂ ಹಾಸ್ಟೆಲ್ ಟೆರೇಸಿನಲ್ಲಿ ದಿನಾ ರಾತ್ರಿ ಸೇದುವುದಕ್ಕೂ ಏನು ವ್ಯತ್ಯಾಸ? ಎಷ್ಟು ಸಲ, ಎಷ್ಟು ತೀಕ್ಷ್ಣ, ಯಾವ ವಯಸ್ಸು: ಮೂರೂ ಬೇರೆ. ಹಾನಿಯನ್ನು ನಿರ್ಧರಿಸುವುದೂ ಈ ಮೂರೇ. ಸಂಪ್ರದಾಯವನ್ನು ಅವಮಾನಿಸಿ ಗೆಲ್ಲಲು ನೋಡಬೇಡಿ. ಸಂಪ್ರದಾಯದ ಹೆಸರಲ್ಲಿ ಅಂಗಡಿಗೆ ಲೈಸೆನ್ಸ್ ಕೇಳಲೂ ಬೇಡಿ. ಇನ್ನು ‘ಗಿಡ ಅಂದಮೇಲೆ ಹಾನಿ ಇಲ್ಲ’ ಅನ್ನುವ ಮಾತು. ಉಮ್ಮತ್ತಿಯೂ ಗಿಡವೇ, ತಂಬಾಕೂ ಗಿಡವೇ.

ಹಾನಿಯ ಭಾಗ: ಇಲ್ಲೇ ಜಾಸ್ತಿ ಹೊತ್ತು ಕೊಡಿ

ಎರಡೂ ಪಕ್ಷದವರು ಸೋಲುವುದು ಇಲ್ಲಿ. ಒಬ್ಬರು ‘ಏನೂ ಆಗಲ್ಲ’ ಅನ್ನುತ್ತಾರೆ, ಇನ್ನೊಬ್ಬರು ‘ಒಂದು ಸಲ ಸೇದಿದರೆ ಹುಚ್ಚು’ ಅನ್ನುತ್ತಾರೆ. ಕೂತ ಮಕ್ಕಳಲ್ಲಿ ಸೇದಿದವರನ್ನು ಕಂಡವರು ಇರುತ್ತಾರೆ. ಎರಡನೇ ಮಾತು ಸುಳ್ಳು ಎಂದು ಅವರಿಗೆ ಗೊತ್ತು. ಒಂದು ಸುಳ್ಳು ಸಿಕ್ಕಿತೆಂದರೆ ನೀವು ಹೇಳುವ ನಿಜವನ್ನೂ ಅವರು ನಂಬುವುದಿಲ್ಲ. ಹೆದರಿಸಲು ಹೋಗಿ ನಾವು ಮಕ್ಕಳನ್ನು ಕಳೆದುಕೊಳ್ಳುವುದು ಹೀಗೆಯೇ.

ಗಾಂಜಾದಲ್ಲಿ ನಶೆ ಕೊಡುವುದು ಟಿಎಚ್‌ಸಿ ಎಂಬ ರಾಸಾಯನಿಕ. ನಮ್ಮ ಮಿದುಳಿನಲ್ಲಿ ತಾನಾಗಿಯೇ ಹುಟ್ಟುವ ಕೆಲವು ಸಂದೇಶ ವಸ್ತುಗಳಿಗೆಂದು ಇರುವ ಗ್ರಾಹಕಗಳ ಮೇಲೆ ಅದು ಹೋಗಿ ಕೂರುತ್ತದೆ. ನೆನಪು, ಗಮನ, ಹೊತ್ತಿನ ಅಂದಾಜು, ಭಯ ಇವೆಲ್ಲ ಅಲ್ಲಿ ನಡೆಯುವ ಕೆಲಸ. ಉಸಿರಾಟ ನಡೆಸುವ ಭಾಗದಲ್ಲಿ ಈ ಗ್ರಾಹಕಗಳು ಬಹಳ ಕಡಿಮೆ. ಅದಕ್ಕೇ ಹೆರಾಯಿನ್ ಜಾಸ್ತಿಯಾದರೆ ಉಸಿರು ನಿಲ್ಲುವಂತೆ ಗಾಂಜಾದಲ್ಲಿ ಆಗುವುದಿಲ್ಲ. ವಿರೋಧ ಪಕ್ಷದವರು ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಒಪ್ಪಿಕೊಂಡರೆ ಬಲ ಹೆಚ್ಚುತ್ತದೆ.

ಮಿದುಳು ಇಪ್ಪತ್ತು ದಾಟಿ, ಹೆಚ್ಚುಕಡಿಮೆ ಇಪ್ಪತ್ತೈದರವರೆಗೂ ಬೆಳೆಯುತ್ತಲೇ ಇರುತ್ತದೆ. ಮುಂದಾಲೋಚನೆ, ತಡೆದುಕೊಳ್ಳುವ ಶಕ್ತಿ ಇರುವ ಮುಂಭಾಗ ಕೊನೆಗೆ ಪಕ್ವವಾಗುತ್ತದೆ. ಆ ಬೆಳವಣಿಗೆಯ ನಡುವೆ ದಿನಾ ಟಿಎಚ್‌ಸಿ ಬಂದು ಕೂತರೆ ಏನಾಗುತ್ತದೆ? ಇದಕ್ಕೆ ಮೂರು ಅಧ್ಯಯನಗಳನ್ನು ಕಲಿಸುತ್ತೇನೆ.

ಮೊದಲನೆಯದು ಸ್ವೀಡನ್ನಿನದು. ಸೇನೆಗೆ ಸೇರಿದ 45 ಸಾವಿರಕ್ಕೂ ಹೆಚ್ಚು ಯುವಕರನ್ನು ವರ್ಷಗಟ್ಟಲೆ ಹಿಂಬಾಲಿಸಿ 1987ರಲ್ಲಿ ಫಲಿತಾಂಶ ಪ್ರಕಟಿಸಿದರು. ಐವತ್ತಕ್ಕೂ ಹೆಚ್ಚು ಸಲ ಬಳಸಿದ್ದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಬಂದ ಪ್ರಮಾಣ ಬಳಸದವರಿಗಿಂತ ಆರು ಪಟ್ಟು. ಎರಡನೆಯದು 2019ರಲ್ಲಿ ಬಂದದ್ದು, ಯುರೋಪಿನ ಹಲವು ನಗರಗಳು ಮತ್ತು ಬ್ರೆಜಿಲ್‌ನಿಂದ. ತೀಕ್ಷ್ಣವಾದ ಗಾಂಜಾವನ್ನು, ಅಂದರೆ ಟಿಎಚ್‌ಸಿ ಶೇ 10 ಮತ್ತು ಅದಕ್ಕಿಂತ ಜಾಸ್ತಿ ಇರುವುದನ್ನು, ದಿನಾ ಬಳಸುವವರಲ್ಲಿ ಸೈಕೋಸಿಸ್, ಅಂದರೆ ಇಲ್ಲದ್ದು ಕಂಡು, ಕೇಳಿ ವಾಸ್ತವದ ಅರಿವು ತಪ್ಪುವ ಕಾಯಿಲೆಯ ಸಾಧ್ಯತೆ ಬಳಸದವರಿಗಿಂತ ಸುಮಾರು ಐದು ಪಟ್ಟು. ಮೂರನೆಯದು ನ್ಯೂಜಿಲೆಂಡಿನ ಡ್ಯುನಿಡಿನ್ ಊರಿನದು. ಅಲ್ಲಿ ಹುಟ್ಟಿದ ಸಾವಿರ ಮಕ್ಕಳನ್ನು 38 ವರ್ಷದವರೆಗೆ ನೋಡಿದರು. ಹದಿಹರೆಯದಲ್ಲಿ ಶುರು ಮಾಡಿ ಬಿಡದೆ ಮುಂದುವರಿಸಿದವರ ಐಕ್ಯೂ ಎಂಟು ಅಂಕದವರೆಗೆ ಇಳಿದಿತ್ತು.

ಇಷ್ಟನ್ನು ಬಾಯಿಪಾಠ ಮಾಡಿ ಹೇಳಿದರೆ ಅರ್ಧ ಕೆಲಸ. ‘ಐದು ಪಟ್ಟು’ ಅಂದರೆ ಐವರಲ್ಲಿ ಒಬ್ಬರಿಗೆ ಅಂತ ಅಲ್ಲ. ಲೆಕ್ಕ ಮಾಡಿ ತೋರಿಸಿ: ಸಾವಿರ ಜನರಲ್ಲಿ ಇಬ್ಬರಿಗೆ ಬರುವ ಕಾಯಿಲೆ ಎಂದುಕೊಳ್ಳಿ. ಐದು ಪಟ್ಟಾದರೆ ಹತ್ತು ಜನಕ್ಕೆ. ಉಳಿದ 990 ಜನಕ್ಕೆ ಬರುವುದಿಲ್ಲ. ಅದಕ್ಕೇ ‘ನನ್ನ ಗೆಳೆಯ ಸೇದ್ತಾನ, ಆರಾಮ ಅದಾನ’ ಅನ್ನುವ ಹುಡುಗ ಸುಳ್ಳು ಹೇಳುತ್ತಿಲ್ಲ. ಆದರೆ ಆ ಹತ್ತರಲ್ಲಿ ಯಾರು ಬೀಳುತ್ತಾರೆ ಎಂದು ಮೊದಲೇ ಹೇಳಲು ಯಾವ ರಕ್ತ ಪರೀಕ್ಷೆಯೂ ಇಲ್ಲ. ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇದ್ದರೆ ಅಪಾಯ ಹೆಚ್ಚು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದನ್ನು ಮಕ್ಕಳಿಗೆ ಹೇಳುತ್ತಾರೆ? ಮುಚ್ಚಿಡುತ್ತಾರೆ. ಹೇಳಬೇಕು.

ಎದುರು ಪಕ್ಷದ ಪ್ರಶ್ನೆಯನ್ನೂ ಕಲಿತಿರಿ. ಮೊದಲೇ ಮನಸ್ಸಿಗೆ ತೊಂದರೆ ಇದ್ದವರೇ ಗಾಂಜಾ ಕಡೆ ಹೋಗಿರಬಹುದಲ್ವಾ? ಹೋಗಿರಬಹುದು. ಐಕ್ಯೂ ವಿಷಯದಲ್ಲಿ ಆಮೇಲೆ ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳು, ಮನೆಯ ವಾತಾವರಣವೇ ಕಾರಣವಿರಬಹುದು ಎಂದಿವೆ. ಸೈಕೋಸಿಸ್ ವಿಷಯದಲ್ಲಿ ಮಾತ್ರ ಬಳಕೆ ಹೆಚ್ಚಿದಂತೆ, ತೀಕ್ಷ್ಣತೆ ಹೆಚ್ಚಿದಂತೆ ಅಪಾಯವೂ ಏರುವುದು ಮತ್ತೆ ಮತ್ತೆ ಕಂಡಿದೆ. ಯಾವುದು ಗಟ್ಟಿ, ಯಾವುದು ಸಡಿಲ ಎಂದು ಬೇರ್ಪಡಿಸಿ ಹೇಳಿ. ನಾನು ತೀರ್ಪುಗಾರಳಾಗಿ ಕೂತಾಗ ಅಂಕ ಕೊಡುವುದು ಇದಕ್ಕೇ.

ವ್ಯಸನದ ಲೆಕ್ಕವೂ ಇರಲಿ. ಅಮೆರಿಕದ ಹಳೆಯ ಅಂದಾಜಿನಂತೆ ಬಳಸಿದವರಲ್ಲಿ ಸುಮಾರು ಶೇ 9 ಜನ ಅದಕ್ಕೆ ಅಂಟಿಕೊಳ್ಳುತ್ತಾರೆ. ಹದಿಹರೆಯದಲ್ಲಿ ಶುರು ಮಾಡಿದವರಲ್ಲಿ ಸುಮಾರು ಆರರಲ್ಲಿ ಒಬ್ಬರು. ನಮ್ಮ ದೇಶದ್ದೇ ಬೇಕೆಂದರೆ, ದೆಹಲಿಯ ಏಮ್ಸ್ ಕೇಂದ್ರ ಸರ್ಕಾರಕ್ಕೆ ಮಾಡಿಕೊಟ್ಟ 2019ರ ಸಮೀಕ್ಷೆ ಇದೆ. ವರ್ಷದಲ್ಲಿ ಒಮ್ಮೆಯಾದರೂ ಭಂಗಿ, ಗಾಂಜಾ, ಚರಸ್ ಬಳಸಿದವರು ಶೇ 2.8, ಅಂದರೆ ಸುಮಾರು 3.1 ಕೋಟಿ ಜನ. ಅವರಲ್ಲಿ ಸುಮಾರು 72 ಲಕ್ಷ ಜನರಿಗೆ ನೆರವು ಬೇಕಾದ ಮಟ್ಟದ ತೊಂದರೆ ಇದೆ. ಮದ್ಯ ಕುಡಿಯುವವರು ಅದೇ ಸಮೀಕ್ಷೆಯಲ್ಲಿ 16 ಕೋಟಿ.

ವರ್ಷಗಟ್ಟಲೆ ದಿನಾ ಸೇದುವ ಕೆಲವರಿಗೆ ನಿಲ್ಲದ ವಾಂತಿ ಬರುತ್ತದೆ, ಬಿಸಿ ನೀರಿನ ಸ್ನಾನ ಮಾಡಿದಾಗ ಮಾತ್ರ ತುಸು ಆರಾಮ ಅನಿಸುತ್ತದೆ. ಕಾರಣ ತಿಳಿಯದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಾರೆ. ಇದನ್ನು ವೇದಿಕೆಯಲ್ಲಿ ಹೇಳುವವರು ಕಡಿಮೆ. ಸೇದಿ ಬೈಕ್ ಓಡಿಸುವುದು, ಬಸುರಿಯಲ್ಲಿ ಸೇದುವುದರಿಂದ ಮಗುವಿನ ತೂಕ ಇಳಿಯುವುದು ಇವನ್ನು ಒಂದೊಂದು ಸಾಲಿನಲ್ಲಿ ಮುಗಿಸಬಹುದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಒಂದು ದಿನ ಮನೆಗೆ ಬಂದರು. ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ‘ಅಕ್ಕೋರ, ಅಂವಾ ಗ್ವಾಡಿ ಕೂಡ ಮಾತಾಡಾಕತ್ತಾನ್ರಿ’ ಅಂದರು. ಯಾರೋ ಮಾಟ ಮಾಡಿಸಿದ್ದಾರೆಂದು ಊರೂರು ತಿರುಗಿ ತಿಂಗಳುಗಳು ಕಳೆದಿದ್ದವು. ದಿನಾ ಸೇದುತ್ತಿದ್ದ ಎಂದು ಗೆಳೆಯರು ಆಮೇಲೆ ಹೇಳಿದರು. ಚಿಕಿತ್ಸೆ ಆಯಿತು, ಈಗ ಕೆಲಸಕ್ಕೆ ಹೋಗುತ್ತಾನೆ, ಮಾತ್ರೆ ನಡೆದಿದೆ. ಆ ತಾಯಿಯ ಮುಖ ನನಗೆ ಮರೆಯುವುದಿಲ್ಲ. ಆದರೂ ಈ ಕಥೆಯನ್ನು ಚರ್ಚೆಯಲ್ಲಿ ಪುರಾವೆಯಾಗಿ ಬಳಸಲು ನಾನು ಯಾರಿಗೂ ಬಿಡುವುದಿಲ್ಲ. ಗಾಂಜಾ ಇಲ್ಲದಿದ್ದರೂ ಅವನಿಗೆ ಕಾಯಿಲೆ ಬರುತ್ತಿತ್ತೇ ಎಂದು ಒಂದು ಕಥೆಯಿಂದ ಹೇಳಲಾಗದು. ಕಥೆಯನ್ನು ಹೇಳುವುದಾದರೆ ಬೇರೆ ಕೆಲಸಕ್ಕೆ ಹೇಳಿ: ಒಬ್ಬನೇ ಮಾತಾಡುವುದು, ನಿದ್ದೆಗೆಡುವುದು, ಎಲ್ಲರೂ ತನ್ನ ಬಗ್ಗೆಯೇ ಆಡಿಕೊಳ್ಳುತ್ತಿದ್ದಾರೆ ಎನ್ನುವುದು ಕಂಡರೆ ತಡ ಮಾಡದೆ ಮನೋವೈದ್ಯರ ಹತ್ತಿರ ಹೋಗಿ ಎಂದು ತಿಳಿಸುವುದಕ್ಕೆ.

ಬೇರೆ ದೇಶಗಳ ಉದಾಹರಣೆ

‘ಅಮೆರಿಕದಲ್ಲಿ ಇದೆ’ ಅಂದರೆ ಸಾಲದು. ಯಾವ ದೇಶ ಏನು ಮಾಡಿತು ಎಂದು ಬಿಡಿಸಿ ಹೇಳಿ. ಪೋರ್ಚುಗಲ್ 2001ರಲ್ಲಿ ಬಳಕೆದಾರರನ್ನು ಜೈಲಿಗೆ ಹಾಕುವುದು ನಿಲ್ಲಿಸಿತು, ಮಾರಾಟಕ್ಕೆ ಬಿಡಲಿಲ್ಲ. ಉರುಗ್ವೆ 2013ರಲ್ಲಿ ಪೂರ್ತಿ ಕಾನೂನುಬದ್ಧ ಮಾಡಿದ ಮೊದಲ ದೇಶ. ಅಲ್ಲಿ ಹೆಸರು ನೋಂದಾಯಿಸಿ ಔಷಧಿ ಅಂಗಡಿಯಲ್ಲಿ ಕೊಳ್ಳಬೇಕು, ತಿಂಗಳಿಗೆ 40 ಗ್ರಾಂ ಮಿತಿ. ಜರ್ಮನಿ 2024ರ ಏಪ್ರಿಲ್‌ನಿಂದ ದೊಡ್ಡವರು 25 ಗ್ರಾಂ ಜೊತೆಯಲ್ಲಿ ಇಟ್ಟುಕೊಳ್ಳಬಹುದು, ಮನೆಯಲ್ಲಿ ಮೂರು ಗಿಡ ಬೆಳೆಯಬಹುದು ಎಂದಿತು. ಅಂಗಡಿ ತೆರೆಯಲಿಲ್ಲ.

ಕೆನಡಾ 2018ರ ಅಕ್ಟೋಬರ್ 17ರಂದು ಮಾರಾಟಕ್ಕೇ ಬಿಟ್ಟಿತು. ಹೆಚ್ಚಿನ ಪ್ರಾಂತ್ಯಗಳಲ್ಲಿ ವಯಸ್ಸು 19 ಆಗಿರಬೇಕು. ಕ್ವಿಬೆಕ್ ಮೊದಲು 18 ಇಟ್ಟು ಆಮೇಲೆ 21ಕ್ಕೆ ಏರಿಸಿತು. ಒಳ್ಳೆಯದೂ ಆಯಿತು: ಸಣ್ಣ ಪೊಟ್ಟಣಕ್ಕೆ ಕ್ರಿಮಿನಲ್ ಕೇಸು ಬೀಳುವುದು ಬಹಳ ಕಡಿಮೆಯಾಯಿತು, ಕಳ್ಳ ಮಾರುಕಟ್ಟೆಯ ಪಾಲು ಇಳಿಯಿತು. ಕೆಟ್ಟದ್ದೂ ಆಯಿತು: ಗಾಂಜಾ ಹಾಕಿದ ಚಾಕೊಲೇಟ್, ಮಿಠಾಯಿ ಬಂದ ಮೇಲೆ, ಅದನ್ನು ತಿಂದ ಚಿಕ್ಕ ಮಕ್ಕಳು ಆಸ್ಪತ್ರೆ ಸೇರುವುದು ಹೆಚ್ಚಿತು. ತಿಂದದ್ದು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ದೊಡ್ಡವರೇ ‘ಏನೂ ಆಗಲಿಲ್ಲ’ ಎಂದು ಇನ್ನೊಂದು ತಿಂದು ಒದ್ದಾಡುತ್ತಾರೆ. ನಮ್ಮ ಎಷ್ಟೋ ಮಕ್ಕಳು ಈಗ ಓದಲು ಕೆನಡಾಕ್ಕೆ ಹೋಗುತ್ತಿದ್ದಾರೆ. ಅವರಿಗೊಂದು ಮಾತು: ಅಲ್ಲಿ ಅಂಗಡಿಯಲ್ಲಿ ಕೊಂಡದ್ದನ್ನು ಗಡಿ ದಾಟಿಸುವುದು ಅಲ್ಲಿಯ ಕಾನೂನಿನಲ್ಲೂ ಅಪರಾಧ.

ಆದರೆ ಭಾರತಕ್ಕೆ ನಿಜವಾದ ಪಾಠ ಇರುವುದು ಥಾಯ್ಲೆಂಡಿನಲ್ಲಿ. 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದರು. ಅದನ್ನು ಹಿಡಿತದಲ್ಲಿಡುವ ಕಾನೂನು ಮಾತ್ರ ಮಾಡಲೇ ಇಲ್ಲ. ಸಾವಿರಾರು ಅಂಗಡಿ ಎದ್ದವು. 2025ರ ಜೂನ್‌ನಲ್ಲಿ ಮತ್ತೆ ವೈದ್ಯರ ಚೀಟಿ ಇದ್ದರಷ್ಟೇ ಎಂದು ಹಿಂದಕ್ಕೆ ಹೋದರು. ಈ ನಡುವೆ ಬ್ಯಾಂಕಾಕಿನಿಂದ ಬಂದ ವಿಮಾನಗಳಲ್ಲಿ ‘ಹೈಡ್ರೋ ಗಾಂಜಾ’ ಸಿಕ್ಕ ಸುದ್ದಿ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮತ್ತೆ ಮತ್ತೆ ಬಂತು. ಮಣ್ಣಿಲ್ಲದೆ, ಒಳಾಂಗಣದಲ್ಲಿ, ದೀಪದ ಬೆಳಕಲ್ಲಿ ಬೆಳೆಸಿದ ತೀಕ್ಷ್ಣ ಸರಕು ಅದು. ಕಾನೂನು ಸಡಿಲಿಸುವುದಾದರೆ ಮೊದಲು ನಿಯಮ, ಆಮೇಲೆ ಬಾಗಿಲು. ಪರ ನಿಂತವರು ಇದನ್ನು ತಾವೇ ಹೇಳಿಬಿಟ್ಟರೆ ಎದುರಾಳಿಯ ಬಾಣ ಬತ್ತಳಿಕೆಯಲ್ಲೇ ಉಳಿಯುತ್ತದೆ.

ಆದಾಯದ ವಾದ

‘ತೆರಿಗೆ ಬರುತ್ತದೆ, ಆ ದುಡ್ಡಲ್ಲಿ ಶಾಲೆ ಕಟ್ಟಬಹುದು.’ ಇದನ್ನು ಹೇಳುವವರಿಗೆ ನಮ್ಮದೇ ರಾಜ್ಯದ ಉದಾಹರಣೆ ಕೊಡುತ್ತೇನೆ. 2007ರಲ್ಲಿ ಕರ್ನಾಟಕ ಸಾರಾಯಿ ನಿಲ್ಲಿಸಿತು. ಪಾಕೀಟು ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಕುಡಿತ ನಿಲ್ಲಲಿಲ್ಲ, ನಿಷೇಧದಿಂದ ಎಲ್ಲ ಆಗುವುದಿಲ್ಲ ಎಂದು ಪರ ವಾದಿ ಹೇಳಬಹುದು. ಆದರೆ 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಹಳ್ಳಿಯ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದರು. ನಿಷೇಧ ಆಯಿತೇ? ಸರ್ಕಾರ ಒಮ್ಮೆ ಆ ಆದಾಯಕ್ಕೆ ಒಗ್ಗಿಕೊಂಡರೆ ಆಮೇಲೆ ಬಿಡುವುದು ವ್ಯಸನಿಗಿಂತ ಕಷ್ಟ. ಕಂಪನಿಗಳಿಗೂ ಲಾಭ ಬರುವುದು ಅಪರೂಪಕ್ಕೆ ಸೇದುವವನಿಂದ ಅಲ್ಲ, ದಿನಾ ಸೇದುವವನಿಂದ. ಅವರಿಗೆ ಬೇಕಾದ ಗಿರಾಕಿಯೂ ನಮಗೆ ಚಿಂತೆಯಾದ ರೋಗಿಯೂ ಒಬ್ಬನೇ.

ಮಕ್ಕಳು ‘ಮೇಡಂ, ನೀವು ಯಾವ ಕಡೆ?’ ಅಂತ ಕೇಳುತ್ತಾರೆ. ತಯಾರಿ ಮುಗಿದ ಮೇಲೆ ಹೇಳುತ್ತೇನೆ. ಸೇದಿದ ಹುಡುಗನಿಗೆ ಜೈಲು ಬೇಡ. ಒಂದು ಕೇಸು ಅವನ ಪಾಸ್‌ಪೋರ್ಟು, ನೌಕರಿ, ಮದುವೆ ಎಲ್ಲಕ್ಕೂ ಅಡ್ಡ ನಿಲ್ಲುತ್ತದೆ. ಅದು ಗಾಂಜಾಕ್ಕಿಂತ ದೊಡ್ಡ ಹಾನಿಯಾಗಬಹುದು. ಅದೂ ದುಡ್ಡಿದ್ದವರು ವಕೀಲರನ್ನು ಹಿಡಿದು ಪಾರಾಗುತ್ತಾರೆ, ಇಲ್ಲದವರು ಸಿಕ್ಕಿಬೀಳುತ್ತಾರೆ. ಆದರೆ ಅಂಗಡಿಯೂ ಬೇಡ, ಜಾಹೀರಾತಂತೂ ಬೇಡವೇ ಬೇಡ. ಔಷಧಿಗೆ ದಾರಿ ಇರಲಿ: ಮಕ್ಕಳಿಗೆ ಬರುವ ಕೆಲವು ಕಠಿಣ ಮೂರ್ಛೆರೋಗಕ್ಕೆ ಈ ಗಿಡದಿಂದ ತೆಗೆದ ಸಿಬಿಡಿ ಔಷಧಿಯನ್ನು ಅಮೆರಿಕ 2018ರಲ್ಲೇ ಒಪ್ಪಿದೆ. ಅದರಲ್ಲಿ ನಶೆ ಇಲ್ಲ. ಇದು ನನ್ನ ನಿಲುವು. ಇದನ್ನು ಒಪ್ಪದ ಮಕ್ಕಳನ್ನೂ ಅಷ್ಟೇ ಆಸ್ಥೆಯಿಂದ ತಯಾರು ಮಾಡುತ್ತೇನೆ.

ಐದು ನಿಮಿಷವನ್ನು ಹಂಚುವ ಬಗೆ

ಸಾಮಾನ್ಯವಾಗಿ ನಾಲ್ಕು ಅಥವಾ ಐದು ನಿಮಿಷ ಸಿಗುತ್ತದೆ. ‘ಸನ್ಮಾನ್ಯ ಅಧ್ಯಕ್ಷರೇ, ಘನ ತೀರ್ಪುಗಾರರೇ’ ಎಂದು ಇಪ್ಪತ್ತು ಸೆಕೆಂಡ್ ಕಳೆಯಬೇಡಿ, ಒಂದು ನಮಸ್ಕಾರ ಸಾಕು. ಅರ್ಧ ನಿಮಿಷ ಯಾವ ಪ್ರಶ್ನೆ ಎಂದು ಹೇಳಲು. ಒಂದು ನಿಮಿಷ ಕಾನೂನಿಗೆ. ಎರಡು ನಿಮಿಷ ಹಾನಿಗೆ, ಪರ ನಿಂತಿದ್ದರೂ ಸರಿ. ಪರ ನಿಂತವನು ಹಾನಿಯನ್ನು ತಾನೇ ಎತ್ತಿ, ‘ಇದನ್ನು ಕಡಿಮೆ ಮಾಡಲು ನನ್ನ ನಿಯಮ ಇಂಥದ್ದು’ ಎಂದು ವಯಸ್ಸಿನ ಮಿತಿ, ಟಿಎಚ್‌ಸಿ ಮಿತಿ, ಜಾಹೀರಾತು ನಿಷೇಧ ಹೇಳಿದರೆ ಅವನನ್ನು ಕೆಡವುವುದು ಕಷ್ಟ. ಒಂದು ದೇಶದ ಉದಾಹರಣೆ ಸಾಕು, ಪೂರ್ತಿ ಹೇಳಿ. ಅಂಕಿ ಮೂರಕ್ಕಿಂತ ಜಾಸ್ತಿ ಬೇಡ, ಕೇಳುವವರ ತಲೆಯಲ್ಲಿ ನಿಲ್ಲುವುದಿಲ್ಲ. ಹಿಂದಿನ ದಿನ ಪಕ್ಷ ಬದಲಿಸಿ ಒಮ್ಮೆ ಮಾತಾಡಿಸಿ ನೋಡಿ. ಎದುರು ಪಕ್ಷಕ್ಕೆ ನಿಂತು ನಾಲ್ಕು ನಿಮಿಷ ಮಾತಾಡಲಾಗದವರು ತಮ್ಮ ಪಕ್ಷಕ್ಕೂ ಸಿದ್ಧರಾಗಿಲ್ಲ ಎಂದೇ ಲೆಕ್ಕ.

ಬಾಯಿಗೆ ಹಿಡಿತ ಇರಲಿ. ‘ಗಾಂಜಾ ಗಿರಾಕಿ’, ‘ನಶೆಕೋರ’, ‘ಹುಚ್ಚ’ ಈ ಮಾತುಗಳಿಗೆ ಸಭೆಯಲ್ಲಿ ನಗು ಬರುತ್ತದೆ. ಆ ಸಭೆಯಲ್ಲೇ ಅಣ್ಣನೋ ಅಪ್ಪನೋ ಚಿಕಿತ್ಸೆಯಲ್ಲಿರುವ ಹುಡುಗಿ ಕೂತಿರಬಹುದು. ಅವಳು ಆ ನಗುವನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾಳೆ, ಆಮೇಲೆ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.

ಇದು ಶಿಕ್ಷಕರಿಗೆ: ಚರ್ಚೆ ಚೆನ್ನಾಗಿ ನಡೆದರೆ ಆಮೇಲೆ ಒಬ್ಬರಾದರೂ ಹತ್ತಿರ ಬಂದು, ‘ನನ್ನ ಗೆಳೆಯನೊಬ್ಬ...’ ಎಂದು ಶುರು ಮಾಡುತ್ತಾರೆ. ಯಾರ ಬಗ್ಗೆ ಎಂದು ಕೆದಕಬೇಡಿ. ಪ್ರಾಂಶುಪಾಲರ ಕೋಣೆಗೆ ಕರೆದುಕೊಂಡು ಹೋಗಬೇಡಿ. ಕೂರಿಸಿ ಪೂರ್ತಿ ಕೇಳಿ. ವ್ಯಸನಕ್ಕೆ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿಮಾನಸ್ 14416. ಎರಡನ್ನೂ ಚೀಟಿಯಲ್ಲಿ ಬರೆದು ಕೊಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ವಿಭಾಗ ಇದೆ, ನಮ್ಮ ಕಡೆಯವರಿಗೆ ಡಿಮ್ಹಾನ್ಸ್ ಹತ್ತಿರ. ಬಿಟ್ಟ ಮೊದಲ ಒಂದೆರಡು ವಾರ ಸಿಡುಕು, ನಿದ್ದೆ ಬಾರದಿರುವುದು, ಊಟ ಸೇರದಿರುವುದು ಸಹಜ, ಹೆಚ್ಚಿನವರಿಗೆ ತಾನಾಗಿ ತಗ್ಗುತ್ತದೆ ಎಂದು ಮೊದಲೇ ಹೇಳಿ. ಇದು ತಿಳಿಯದೆಯೇ ಬಹಳ ಮಕ್ಕಳು ‘ನನ್ನ ಕೈಲಿ ಆಗಲ್ಲ’ ಎಂದು ವಾಪಸ್ ಹೋಗುತ್ತಾರೆ. ಮುಂದಿನ ವಾರ ಆ ಹುಡುಗ ಬರದಿದ್ದರೆ ನೀವೇ ಕರೆದು ‘ಆ ಗೆಳೆಯ ಹೇಗಿದ್ದಾನಪ್ಪ’ ಅಂತ ಕೇಳಿ.